ಭಯ ಆಗಲ್ವಾ, ದೇವರ ನೆನಪಾಗಲ್ವಾ? ಯುದ್ಧದ ಹೊತ್ತಿನಲ್ಲಿ ಸೈನಿಕನ ಕರ್ತವ್ಯ, ನಂಬಿಕೆ, ಶಿಸ್ತು

2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ಶುರುವಾದಾಗ ರಾಜ್ಯದ ಎಷ್ಟೋ ಮನೆಗಳಲ್ಲಿ ಒಂದೇ ಕಥೆ. ಮದುವೆಗೆ, ಜಾತ್ರೆಗೆ, ಮನೆ ರಿಪೇರಿಗೆ ಅಂತ ರಜೆ ಹಾಕಿ ಬಂದಿದ್ದ ಸೈನಿಕರಿಗೆ ಫೋನ್ ಬಂತು. ಬ್ಯಾಗ್ ಹೆಗಲಿಗೇರಿಸಿ ಹೊರಟೇಬಿಟ್ಟರು. ಅದೇ ವರ್ಷ ನವೆಂಬರ್ 25ರಂದು ಸುಪ್ರೀಂ ಕೋರ್ಟ್‌ನಿಂದ ಇನ್ನೊಂದು ಸುದ್ದಿ ಬಂತು. ರೆಜಿಮೆಂಟಿನ ಗುಡಿಯ ಗರ್ಭಗುಡಿಗೆ ಹೋಗಲ್ಲ ಅಂದ ಸೇನಾಧಿಕಾರಿಯೊಬ್ಬರನ್ನು ವಜಾ ಮಾಡಿದ್ದು ಸರಿ ಎಂದು ಕೋರ್ಟ್ ಹೇಳಿತ್ತು.

ಇವೆರಡರ ನಡುವೆ ದಾವಣಗೆರೆಯ ಟೀ ಅಂಗಡಿಗಳಲ್ಲಿ ಎಷ್ಟು ಪ್ರಶ್ನೆ ಎದ್ದವು ಅಂತ ಕೇಳಬೇಡಿ. ಕರೆದ ಕೂಡಲೇ ಹೋಗಲೇಬೇಕಾ? ಮೇಲಿನವರು ಏನು ಹೇಳಿದರೂ ಮಾಡಬೇಕಾ? ಸೈನ್ಯದಲ್ಲಿ ದೇವರು, ಪೂಜೆ ಎಲ್ಲ ಇದೆಯಾ, ಇದ್ದರೆ ಯಾರ ದೇವರು? ಉತ್ತರ ಹೇಳುವವರು ಬಹಳ ಜನ ಇದ್ದರು, ಗೊತ್ತಿದ್ದವರು ಕಡಿಮೆ. ಹೊಳಲ್ಕೆರೆ ಕಡೆಯ ನಿವೃತ್ತ ಹವಾಲ್ದಾರರೊಬ್ಬರು ನನಗೆ ಪರಿಚಯ. ಅವರು ಹೇಳಿದ ಕೆಲವು ಮಾತು, ಕಾನೂನಿನಲ್ಲಿ ಇರುವುದು, ಇತಿಹಾಸದಲ್ಲಿ ನಡೆದದ್ದು ಎಲ್ಲ ಸೇರಿಸಿ ಬುಡದಿಂದ ಹೇಳುತ್ತೇನೆ.

ಸೈನಿಕ ಮಾತು ಕೊಟ್ಟಿರುವುದು ಯಾರಿಗೆ?

ತರಬೇತಿ ಮುಗಿದ ಮೇಲೆ ಹೊಸ ಸೈನಿಕರಿಗೆಲ್ಲ ಒಂದು ಕವಾಯತು ಇರುತ್ತದೆ. ಅದಕ್ಕೆ ಕಸಮ್ ಪರೇಡ್ ಅನ್ನುತ್ತಾರೆ. ಎದುರಿಗೆ ರಾಷ್ಟ್ರಧ್ವಜ ಇರುತ್ತದೆ, ಪಕ್ಕದಲ್ಲಿ ಧರ್ಮಗುರುಗಳು ಇರುತ್ತಾರೆ. ಹಿಂದೂ ಹುಡುಗ ಭಗವದ್ಗೀತೆ, ಮುಸ್ಲಿಂ ಹುಡುಗ ಕುರಾನ್, ಕ್ರೈಸ್ತ ಹುಡುಗ ಬೈಬಲ್, ಹೀಗೆ ಅವರವರ ಗ್ರಂಥದ ಸಾಕ್ಷಿಯಲ್ಲಿ ಪ್ರಮಾಣ ಮಾಡುತ್ತಾರೆ. ದೇವರ ಹೆಸರು ಬೇಡ ಅನ್ನುವವರಿಗೂ ದಾರಿ ಇದೆ. ದೇವರ ಹೆಸರೆತ್ತದೆ, ನಿಷ್ಠೆಯಿಂದ ಇರುತ್ತೇನೆ ಎಂದು ದೃಢವಾಗಿ ಹೇಳಿದರೂ ಕಾನೂನಿಗೆ ಅಷ್ಟೇ ಸಮ.

ಆ ಪ್ರಮಾಣದಲ್ಲಿ ಏನಿದೆ ಅನ್ನುವುದು ಮುಖ್ಯ. ಭಾರತದ ಸಂವಿಧಾನಕ್ಕೆ ನಿಷ್ಠೆಯಿಂದ ಇರುತ್ತೇನೆ. ನೆಲ, ಜಲ, ಆಕಾಶ ಯಾವ ಮಾರ್ಗದಲ್ಲಿ ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ. ರಾಷ್ಟ್ರಪತಿಯವರ ಮತ್ತು ನನ್ನ ಮೇಲಧಿಕಾರಿಗಳ ಆದೇಶವನ್ನು ಪ್ರಾಣಕ್ಕೆ ಅಪಾಯ ಬಂದರೂ ಪಾಲಿಸುತ್ತೇನೆ. ಇಷ್ಟು. ಇದರಲ್ಲಿ ಯಾವ ಪಕ್ಷದ ಹೆಸರೂ ಇಲ್ಲ, ಯಾವ ನಾಯಕನ ಹೆಸರೂ ಇಲ್ಲ. ಗ್ರಂಥ ಬರೀ ಸಾಕ್ಷಿಗೆ ಇರುತ್ತದೆ, ನಿಷ್ಠೆ ಹೋಗುವುದು ಸಂವಿಧಾನಕ್ಕೆ. ಮುಂದೆ ಕೋರ್ಟಿನ ವಿಷಯ ಬಂದಾಗ ಇದು ಬೇಕಾಗುತ್ತದೆ.

ಹಾಗಂತ ಗುಂಡು ಹಾರುವಾಗ ಯಾರೂ ಸಂವಿಧಾನದ ಪುಟ ನೆನೆಯುವುದಿಲ್ಲ. ಸೈನ್ಯದಲ್ಲಿ ಓಡಾಡುವ ಮಾತು ಬೇರೆ: ನಾಮ್, ನಮಕ್, ನಿಶಾನ್. ಪಲ್ಟನ್ನಿನ ಹೆಸರು, ಉಪ್ಪಿನ ಋಣ, ಬಾವುಟ. ಹವಾಲ್ದಾರರು ಅದನ್ನೂ ಇನ್ನಷ್ಟು ಇಳಿಸಿ ಹೇಳುತ್ತಾರೆ. ಆ ಹೊತ್ತಿನಲ್ಲಿ ತಲೆಯಲ್ಲಿ ಇರುವುದು ಪಕ್ಕದಲ್ಲಿ ಮಲಗಿ ಗುಂಡು ಹಾರಿಸುತ್ತಿರುವವನು ಮಾತ್ರವಂತೆ. ತಾನು ಹಿಂದೆ ಸರಿದರೆ ಅವನು ಒಬ್ಬನೇ ಆಗುತ್ತಾನೆ. ನಾಳೆ ಬದುಕಿದ್ದರೆ ಅವನ ಮುಖ ನೋಡಬೇಕಲ್ಲ.

ಕರ್ತವ್ಯ ಅಂದರೆ ಧೈರ್ಯ ಅಷ್ಟೇನಾ?

ನಮ್ಮ ಕಡೆ ಕರ್ತವ್ಯ ಅಂದ ಕೂಡಲೇ ಒನಕೆ ಓಬವ್ವ ನೆನಪಾಗುತ್ತಾಳೆ. ಕಥೆ ಎಲ್ಲರಿಗೂ ಗೊತ್ತು. ಹೈದರಾಲಿಯ ಸೈನ್ಯ ಚಿತ್ರದುರ್ಗಕ್ಕೆ ಮುತ್ತಿಗೆ ಹಾಕಿತ್ತು. ಕಾವಲಿನ ಮುದ್ದಹನುಮ ಊಟಕ್ಕೆ ಕೂತಿದ್ದ. ನೀರಿಗೆ ಹೋದ ಓಬವ್ವ ಕಿಂಡಿಯಿಂದ ಒಬ್ಬೊಬ್ಬರೇ ನುಸುಳುತ್ತಿದ್ದವರನ್ನು ಕಂಡಳು. ಉಣ್ಣುವ ಗಂಡನನ್ನು ಎಬ್ಬಿಸಬಾರದು ಅಂತ ತಾನೇ ಒನಕೆ ಹಿಡಿದು ನಿಂತಳು. ಈಗಲೂ ಕೋಟೆಗೆ ಬಂದವರು ಆ ಕಿಂಡಿಯಲ್ಲಿ ತಲೆ ತೂರಿಸಿ ನೋಡದೆ ಹೋಗುವುದಿಲ್ಲ.

ಆದರೆ ಗಮನಿಸಿ, ಓಬವ್ವನಿಗೆ ಆ ಹೊತ್ತು ಡ್ಯೂಟಿ ಇರಲಿಲ್ಲ. ಯಾರೂ ಆದೇಶ ಕೊಟ್ಟಿರಲಿಲ್ಲ, ನೋಡಿಯೂ ಸುಮ್ಮನಿದ್ದಿದ್ದರೆ ಅವಳನ್ನು ಯಾರೂ ಶಿಕ್ಷಿಸುತ್ತಿರಲಿಲ್ಲ. ಅವಳದು ತಾನಾಗಿ ತೋರಿದ ಶೌರ್ಯ. ಸೈನಿಕನ ಕರ್ತವ್ಯ ಹುಟ್ಟುವುದು ಮುದ್ದಹನುಮನ ಜಾಗದಲ್ಲಿ. ಕಾವಲಿಗೆ ನೇಮಕ ಆದವನು ಎದ್ದು ಹೋಗುವ ಹಾಗಿಲ್ಲ, ಬದಲಿಗೆ ಇನ್ನೊಬ್ಬ ಬಂದು ನಿಲ್ಲಬೇಕು, ಹಸಿವು ನಿದ್ದೆ ಎಲ್ಲ ಆಮೇಲೆ. (ಮುದ್ದಹನುಮನ ಬಗ್ಗೆ ನನಗೆ ಯಾವ ದೂರೂ ಇಲ್ಲ, ಊಟ ಎಲ್ಲರಿಗೂ ಬೇಕು.)

ಇವತ್ತಿನ ಕಾನೂನು ಈ ವಿಷಯದಲ್ಲಿ ಬಹಳ ಖಡಕ್ಕು. 1950ರ ಸೇನಾ ಕಾಯಿದೆಯ ಪ್ರಕಾರ ಯುದ್ಧದ ಸಮಯದಲ್ಲಿ ಕಾವಲು ಸೈನಿಕ ನಿದ್ದೆ ಮಾಡಿದರೆ ಮರಣದಂಡನೆವರೆಗೂ ಶಿಕ್ಷೆ ಕೊಡಬಹುದು. ಶತ್ರುವಿನ ಎದುರು ನಾಚಿಕೆಗೇಡಿಯಾಗಿ ಆಯುಧ ಬಿಸಾಕಿದರೂ ಅಷ್ಟೇ. ಇದು ಗರಿಷ್ಠ ಶಿಕ್ಷೆ. ಪ್ರತಿಯೊಬ್ಬರಿಗೂ ಕೊಡುತ್ತಾರೆ ಅಂತಲ್ಲ, ಕೋರ್ಟ್ ಮಾರ್ಷಲ್ ಅನ್ನುವ ಸೇನಾ ನ್ಯಾಯಾಲಯ ವಿಚಾರಣೆ ಮಾಡಿ ತೀರ್ಮಾನಿಸುತ್ತದೆ.

ಇನ್ನು ರಜೆಯಿಂದ ವಾಪಸ್ ಕರೆಯುವ ವಿಷಯ. ಅದೇ ಕಾಯಿದೆಯ 39ನೇ ಸೆಕ್ಷನ್‌ನಲ್ಲಿ ಇದು ಬರುತ್ತದೆ. ರಜೆಯಲ್ಲಿ ಇರುವಾಗ ತನ್ನ ಪಡೆಗೆ ಯುದ್ಧ ಕಾರ್ಯಕ್ಕೆ ಆದೇಶ ಬಂದಿದೆ ಎಂದು ಅಧಿಕೃತವಾಗಿ ತಿಳಿದ ಮೇಲೆ, ಸರಿಯಾದ ಕಾರಣ ಇಲ್ಲದೆ ತಡ ಮಾಡಿದರೆ ಅಪರಾಧ. 3 ವರ್ಷದವರೆಗೆ ಜೈಲು ಆಗಬಹುದು. ಸೇನೆ ಬಿಟ್ಟು ಓಡಿಹೋಗುವುದು ಬೇರೆಯೇ ಅಪರಾಧ, ಯುದ್ಧ ಕಾರ್ಯದಲ್ಲಿ ಇರುವಾಗ ಮಾಡಿದರೆ ಅದಕ್ಕೂ ಗರಿಷ್ಠ ಶಿಕ್ಷೆ ಮರಣದಂಡನೆ. ಹಾಗಾಗಿ ಮೇ ತಿಂಗಳಲ್ಲಿ ಹೊರಟ ಹುಡುಗರ ಮುಂದೆ ಹೋಗಬೇಕೋ ಬೇಡವೋ ಅನ್ನುವ ಆಯ್ಕೆ ಇರಲಿಲ್ಲ. ಆಯ್ಕೆ ಮಾಡಿದ್ದು ಕಸಮ್ ಪರೇಡ್ ದಿನ. ಭಾರತದಲ್ಲಿ ಕಡ್ಡಾಯ ಸೈನಿಕ ಸೇವೆ ಇಲ್ಲ, ಸೇರಿದವರೆಲ್ಲ ತಾವಾಗಿ ಸೇರಿದವರು.

ಕೊಡಗಿನ ಕಾರ್ಯಪ್ಪನವರ ವಿಷಯ ಇಲ್ಲಿ ಹೇಳಲೇಬೇಕು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಅವರು. 1965ರ ಯುದ್ಧದಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಅವರ ಮಗನ ವಿಮಾನವನ್ನು ಪಾಕಿಸ್ತಾನ ಹೊಡೆದುರುಳಿಸಿ, ಮಗನನ್ನು ಸೆರೆ ಹಿಡಿಯಿತು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಹಳೆ ಪರಿಚಯದ ಮೇಲೆ ಮಗನನ್ನು ಬಿಡುವ ಮಾತು ಬಂತು. ಕಾರ್ಯಪ್ಪ ಒಪ್ಪಲಿಲ್ಲ. ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರು. ಆಗ ಅವರು ನಿವೃತ್ತರು. ಯಾವ ಸೆಕ್ಷನ್ನೂ ಅವರ ಕೈ ಕಟ್ಟಿರಲಿಲ್ಲ.

ಮೇಲಿನವರು ಹೇಳಿದ್ದೆಲ್ಲ ಮಾಡಬೇಕಾ?

ಬೇಡ. ಜನ ಜಾಸ್ತಿ ತಪ್ಪು ತಿಳಿದಿರುವುದು ಇಲ್ಲೇ.

ಸೇನಾ ಕಾಯಿದೆಯ 41ನೇ ಸೆಕ್ಷನ್ ಆದೇಶ ಮೀರುವುದನ್ನು ಅಪರಾಧ ಅನ್ನುತ್ತದೆ. ಯುದ್ಧ ಕಾರ್ಯದಲ್ಲಿ ಇದ್ದಾಗ ಮೀರಿದರೆ 14 ವರ್ಷದವರೆಗೂ ಜೈಲು. ಆದರೆ ಆ ಸೆಕ್ಷನ್ ಹೇಳುವುದು ಕಾನೂನುಬದ್ಧ ಆದೇಶದ ಬಗ್ಗೆ ಮಾತ್ರ. ಬೆಟ್ಟ ಹತ್ತು, ಗುಂಡಿನ ಮಳೆ ಇದ್ದರೂ ಹತ್ತು ಅಂದರೆ ಅದು ಕಾನೂನುಬದ್ಧ. ಶರಣಾದವನನ್ನು ಕೊಲ್ಲು ಅಂದರೆ ಅಲ್ಲ.

1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ಹೆಂಗಸರು, ಮಕ್ಕಳು ಸೇರಿ ನೂರಾರು ಜನರನ್ನು ಕೊಂದರು. ಅಲ್ಲಿದ್ದ ಲೆಫ್ಟಿನೆಂಟ್ ಕ್ಯಾಲಿ ವಿಚಾರಣೆಯಲ್ಲಿ ಮೇಲಿನವರ ಆದೇಶ ಪಾಲಿಸಿದೆ ಅಂದ. ಸೇನಾ ನ್ಯಾಯಾಲಯ ಒಪ್ಪದೆ 1971ರಲ್ಲಿ ಅವನನ್ನು ಅಪರಾಧಿ ಎಂದಿತು. ಅದೇ ದಿನ ಅದೇ ಹಳ್ಳಿಯ ಮೇಲೆ ಹಾರುತ್ತಿದ್ದ ಹೆಲಿಕಾಪ್ಟರ್ ಪೈಲಟ್ ಹ್ಯೂ ಥಾಂಪ್ಸನ್ ತನ್ನದೇ ಸೈನ್ಯದವರಿಗೂ ಹಳ್ಳಿಗರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿ ಕೆಲವರನ್ನು ಉಳಿಸಿದ.

ನಮ್ಮಲ್ಲೂ ಇದಕ್ಕಿಂತ ಹಳೆಯ ಉದಾಹರಣೆ ಇದೆ. 1930ರ ಏಪ್ರಿಲ್ 23, ಪೇಶಾವರ. ನಿರಾಯುಧರಾಗಿ ನಿಂತಿದ್ದ ಚಳವಳಿಗಾರರ ಮೇಲೆ ಗುಂಡು ಹಾರಿಸಿ ಎಂದು ಗಢವಾಲ್ ರೈಫಲ್ಸ್‌ಗೆ ಬ್ರಿಟಿಷರು ಹೇಳಿದರು. ಚಂದ್ರ ಸಿಂಗ್ ಗಢವಾಲಿ ಮತ್ತು ಅವರ ಜೊತೆಯವರು ಹಾರಿಸಲಿಲ್ಲ. ಎದುರಿಗೆ ಇದ್ದವರು ಪಠಾಣ ಮುಸ್ಲಿಮರು, ಹಾರಿಸಲ್ಲ ಅಂದವರು ಹಿಂದೂ ಸೈನಿಕರು. ಗಢವಾಲಿಯವರಿಗೆ ಜೀವಾವಧಿ ಶಿಕ್ಷೆ ಆಯಿತು. ನಿರಾಕರಿಸುವವನು ಬೆಲೆ ತೆರಲು ಸಿದ್ಧನಾಗಿಯೇ ನಿರಾಕರಿಸಬೇಕು. ಆದೇಶ ಸರಿಯಿತ್ತೋ ಇಲ್ಲವೋ ಅಂತ ತೀರ್ಮಾನ ಆಗುವುದು ಆಮೇಲೆ, ಅದೂ ಬೇರೆಯವರ ಕೈಯಲ್ಲಿ.

ಶಿಸ್ತು ಯಾತಕ್ಕೆ, ಅದೂ ಅಷ್ಟೊಂದು?

ಬೆಳಿಗ್ಗೆ ಐದೂವರೆಗೆ ದಾವಣಗೆರೆಯ ಹೈಸ್ಕೂಲ್ ಮೈದಾನಕ್ಕೋ, ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣಕ್ಕೋ ಹೋದರೆ ಸೇನೆ ಸೇರುವ ಆಸೆಯಿಂದ ಓಡುತ್ತಿರುವ ಹುಡುಗರು ಸಿಗುತ್ತಾರೆ. ಭರ್ತಿಯಲ್ಲಿ 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಓಡಿ ಗೆದ್ದವನಿಗೆ ಒಳಗೆ ಹೋದ ಮೇಲೆ ಆಶ್ಚರ್ಯ ಕಾದಿರುತ್ತದೆ. ಅಲ್ಲಿ ಜಾಸ್ತಿ ಹೊತ್ತು ಹೋಗುವುದು ಹಾಸಿಗೆ ಮಡಿಸುವುದಕ್ಕೆ, ಬೂಟು ಉಜ್ಜುವುದಕ್ಕೆ, ಬಂದೂಕು ಬಿಚ್ಚಿ ಒರೆಸಿ ಜೋಡಿಸುವುದಕ್ಕೆ, ಒಂದೇ ಹೆಜ್ಜೆಯಲ್ಲಿ ನಡೆಯುವುದಕ್ಕೆ. ಇದೆಲ್ಲ ಯುದ್ಧಕ್ಕೆ ಏನು ಉಪಯೋಗ ಅಂತ ಅನ್ನಿಸುತ್ತದೆ, ಅಲ್ವಾ?

ದಾವಣಗೆರೆ–ಚಿತ್ರದುರ್ಗ ಹೆದ್ದಾರಿಯಲ್ಲಿ ಇಪ್ಪತ್ತು ವರ್ಷ ಬಸ್ ಓಡಿಸಿದ ಡ್ರೈವರ್‌ನ ನೆನೆಯಿರಿ. ಎಮ್ಮೆ ಅಡ್ಡ ಬಂದರೆ ಅವನು ಯೋಚನೆ ಮಾಡಿ ಬ್ರೇಕ್ ಒತ್ತುವುದಿಲ್ಲ, ತಲೆಗೆ ವಿಷಯ ಹೋಗುವ ಮೊದಲೇ ಕಾಲು ಹೋಗಿರುತ್ತದೆ. ಸೇನೆಯ ಶಿಸ್ತು ಇದೇ ತರ. ಭಯ ಬಂದಾಗ ಮನುಷ್ಯನ ಕೈ ನಡುಗುತ್ತದೆ, ಕಿವಿ ಮುಚ್ಚಿದಂತಾಗುತ್ತದೆ, ಯೋಚನೆ ನಿಂತುಹೋಗುತ್ತದೆ. ಆಗ ಉಳಿಯುವುದು ಸಾವಿರ ಸಲ ಮಾಡಿ ಮೈಗೆ ಹತ್ತಿರುವ ಅಭ್ಯಾಸ ಮಾತ್ರ. ಭಯ ಆಗಲ್ವಾ ಎಂದು ನಾನು ಹವಾಲ್ದಾರರನ್ನು ಕೇಳಿದ್ದೆ. ಆಗದೆ ಏನು, ಆದರೆ ಭಯ ಇದ್ದರೂ ಕೈ ತನ್ನ ಕೆಲಸ ತಾನು ಮಾಡುತ್ತದೆ ಅಂದರು. ಧೈರ್ಯದ ಬಗ್ಗೆ ಅವರ ಬಾಯಲ್ಲಿ ಬಂದಿದ್ದು ಅಷ್ಟೇ. ಅವರು ಜಾಸ್ತಿ ಮಾತಾಡಿದ್ದು ಕಾಲುಚೀಲ ಒಣಗಿಸುವುದರ ಬಗ್ಗೆ.

ಕಾಲುಚೀಲ ಅಂದರೆ ನಗಬೇಡಿ. ಸಿಯಾಚಿನ್‌ನಂಥ ಜಾಗದಲ್ಲಿ ಒದ್ದೆ ಕಾಲುಚೀಲ ಅಂದರೆ ಹಿಮಕ್ಕೆ ಬೆರಳು ಸತ್ತುಹೋಗುವುದು, ಆಮೇಲೆ ಕತ್ತರಿಸುವುದು. ಬರಿಗೈಯಲ್ಲಿ ಬಂದೂಕಿನ ಲೋಹ ಮುಟ್ಟಿದರೆ ಚರ್ಮ ಅಂಟಿ ಕಿತ್ತುಬರುತ್ತದೆ. ಅಲ್ಲಿ ಶತ್ರುವಿನ ಗುಂಡಿಗಿಂತ ಚಳಿ, ಹಿಮಕುಸಿತವೇ ಜಾಸ್ತಿ ಜನರನ್ನು ಕೊಂದಿರುವುದು. ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ್ ಅವರನ್ನು ಮರೆತವರು ಯಾರಿದ್ದಾರೆ? 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಆ ಠಾಣೆಯಲ್ಲಿದ್ದ 10 ಜನ ಅದರಡಿ ಸಿಕ್ಕರು. ಆರು ದಿನದ ನಂತರ ಅವರೊಬ್ಬರೇ ಜೀವಂತ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು.

ಈಗ ಶಿಸ್ತಿಗೆ ಹೊಸದೊಂದು ಸೇರಿದೆ, ಮೊಬೈಲ್. 2020ರ ಜುಲೈನಲ್ಲಿ ಸೇನೆ ತನ್ನವರಿಗೆಲ್ಲ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ತೆಗೆದುಹಾಕಲು ಹೇಳಿತು. ಅತಿಯಾಯಿತು ಅಂತ ಆಗ ಕೆಲವರು ಗೊಣಗಿದರು. 2023ರ ಹೊಸ ವರ್ಷದ ರಾತ್ರಿ ಉಕ್ರೇನ್ ಯುದ್ಧದಲ್ಲಿ ಮಕೀವ್ಕಾ ಎಂಬಲ್ಲಿ ರಷ್ಯಾದ ಸೈನಿಕರು ತಂಗಿದ್ದ ಕಟ್ಟಡದ ಮೇಲೆ ಕ್ಷಿಪಣಿ ಬಿತ್ತು. ರಷ್ಯಾವೇ ಒಪ್ಪಿಕೊಂಡ ಲೆಕ್ಕದಲ್ಲಿ 89 ಜನ ಸತ್ತರು. ನಿಷೇಧ ಇದ್ದರೂ ಸೈನಿಕರು ಮೊಬೈಲ್ ಬಳಸಿದ್ದರಿಂದ ಜಾಗ ಗೊತ್ತಾಯಿತು ಎಂದು ಆ ದೇಶದ ಸೇನೆಯೇ ಹೇಳಿತು. ಮನೆಗೆ ಫೋನ್ ಮಾಡುವ ಆಸೆ ತಡೆದುಕೊಳ್ಳುವುದು ಬೆಟ್ಟ ಹತ್ತುವುದಕ್ಕಿಂತ ಕಷ್ಟ ಅಂತ ನನಗನ್ನಿಸುತ್ತದೆ, ಯಾಕೆಂದರೆ ಅದನ್ನು ನೋಡಿ ಶಭಾಷ್ ಅನ್ನಲು ಯಾರೂ ಇರುವುದಿಲ್ಲ.

ಸೈನ್ಯದಲ್ಲಿ ದೇವರಿಗೆ ಜಾಗ ಎಲ್ಲಿ?

ಎಲ್ಲ ಕಡೆ. ನಿಜವಾಗಿ ಹೇಳಬೇಕೆಂದರೆ ಊರಿಗಿಂತ ಜಾಸ್ತಿ.

ಸೇನೆಯಲ್ಲಿ ಧರ್ಮಗುರು ಅನ್ನುವುದು ಸಂಬಳದ ಹುದ್ದೆ. ಪಂಡಿತ, ಮೌಲವಿ, ಗ್ರಂಥಿ, ಪಾದ್ರಿ, ಬೌದ್ಧ ಭಿಕ್ಷು, ಎಲ್ಲರನ್ನೂ ನಾಯಬ್ ಸುಬೇದಾರ್ ದರ್ಜೆಯಲ್ಲಿ ಸೇರಿಸಿಕೊಳ್ಳುತ್ತಾರೆ. ಪೂಜೆ ಮಾಡಿಸುವುದು, ಗಾಯಾಳುಗಳ ಪಕ್ಕ ಕೂರುವುದು, ಸತ್ತವರ ಅಂತ್ಯಕ್ರಿಯೆ ನೋಡಿಕೊಳ್ಳುವುದು, ಮನೆ ಚಿಂತೆಯಲ್ಲಿ ಕುಸಿದವನ ಜೊತೆ ಮಾತಾಡುವುದು ಅವರ ಕೆಲಸ. ಅನೇಕ ಕಡೆ ಸರ್ವಧರ್ಮ ಸ್ಥಳ ಇರುತ್ತದೆ. ಒಂದೇ ಸೂರಿನಡಿ ಮಂದಿರ, ಮಸೀದಿ, ಗುರುದ್ವಾರ, ಚರ್ಚ್.

ಯುದ್ಧಘೋಷಗಳನ್ನು ನೋಡಿ. ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲಘು ಪದಾತಿ ದಳದವರು ಶಿವಾಜಿ ಮಹಾರಾಜರಿಗೆ ಜೈ ಅನ್ನುತ್ತಾರೆ. ರಾಜಪೂತ ರೆಜಿಮೆಂಟ್ ಬಜರಂಗಬಲಿಗೆ, ಗೋರ್ಖಾಗಳು ಮಹಾಕಾಳಿಗೆ. ಸಿಖ್ಖರದು 'ಬೋಲೇ ಸೋ ನಿಹಾಲ್'. ನಮ್ಮ ಕನ್ನಡದ ಹುಡುಗರು ಬಹಳ ಜನ ಇರುವ ಮದ್ರಾಸ್ ರೆಜಿಮೆಂಟಿನಲ್ಲಿ ದೇವರ ಹೆಸರೇ ಇಲ್ಲ, 'ವೀರ ಮದ್ರಾಸಿ, ಅಡಿ ಕೊಲ್ಲು' ಅಷ್ಟೇ. ಆದರೆ ಅದರ ಧ್ಯೇಯವಾಕ್ಯ ಗೀತೆಯದು, 'ಸ್ವಧರ್ಮೇ ನಿಧನಂ ಶ್ರೇಯಃ'. ಅದೇ ರೆಜಿಮೆಂಟಿನಲ್ಲಿ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ, ಆ ವಾಕ್ಯ ಎಲ್ಲರದೂ.

ಇನ್ನು ಅಧಿಕೃತ ಧರ್ಮಗಳ ಆಚೆಗಿನ ನಂಬಿಕೆ. ಸಿಯಾಚಿನ್ ಹತ್ತುವವರು ಮೊದಲು ಓಪಿ ಬಾಬಾ ಗುಡಿಗೆ ಹೋಗಿ ವರದಿ ಒಪ್ಪಿಸುತ್ತಾರೆ, ಇಳಿದ ಮೇಲೂ ಹೋಗಿ ಬಂದೆ ಅನ್ನುತ್ತಾರೆ. ಓಂ ಪ್ರಕಾಶ್ ಎಂಬ ಸೈನಿಕ ಸತ್ತ ಮೇಲೂ ಅಲ್ಲಿ ಕಾಯುತ್ತಿದ್ದಾನೆ ಎಂಬ ನಂಬಿಕೆ. ಹಿಂದೂ, ಮುಸ್ಲಿಂ, ಸಿಖ್ ಅನ್ನದೆ ಎಲ್ಲರೂ ನಡೆದುಕೊಳ್ಳುತ್ತಾರೆ. ಊರಿನ ಗಡಿ ಕಾಯುವ ದೇವರಿಗೆ ಕೈ ಮುಗಿದು ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಸೇನೆ ಇದನ್ನೆಲ್ಲ ಯಾಕೆ ಪೋಷಿಸುತ್ತದೆ? ಸಾವು ಹತ್ತಿರ ಇರುವ ಕಡೆ ಮನುಷ್ಯನಿಗೆ ಹಿಡಿದುಕೊಳ್ಳಲು ಏನಾದರೂ ಬೇಕು. ಮತ್ತೆ, ಒಟ್ಟಿಗೆ ಕೂತು ಪ್ರಾರ್ಥನೆ ಮಾಡಿದವರು ಒಟ್ಟಿಗೆ ನಿಲ್ಲುತ್ತಾರೆ. ಸೇನೆಯ ಕಣ್ಣಿನಲ್ಲಿ ನಂಬಿಕೆ ಒಬ್ಬೊಬ್ಬನ ಸ್ವಂತ ವಿಷಯವೂ ಹೌದು, ತಂಡವನ್ನು ಹಿಡಿದಿಡುವ ಅಂಟೂ ಹೌದು. ಇವೆರಡೂ ಒಂದಕ್ಕೊಂದು ಡಿಕ್ಕಿ ಹೊಡೆದಾಗ ವಿಷಯ ಕೋರ್ಟಿಗೆ ಹೋಗುತ್ತದೆ.

ಗರ್ಭಗುಡಿಯ ಪ್ರಕರಣ ಏನು?

ಕ್ರೈಸ್ತ ಧರ್ಮದ ಒಬ್ಬ ಯುವ ಅಧಿಕಾರಿ 2017ರಲ್ಲಿ ಸೇನೆಯ ಒಂದು ಟ್ಯಾಂಕ್ ರೆಜಿಮೆಂಟ್ ಸೇರಿದರು. ಅವರ ಕೈಕೆಳಗಿನ ಸೈನಿಕರು ಸಿಖ್ಖರು. ರೆಜಿಮೆಂಟಿನಲ್ಲಿ ಮಂದಿರ ಮತ್ತು ಗುರುದ್ವಾರ ಇದ್ದವು. ವಾರದ ಧಾರ್ಮಿಕ ಪರೇಡಿಗೆ ಅವರು ಸೈನಿಕರ ಜೊತೆ ಬರುತ್ತಿದ್ದರು, ಆದರೆ ಒಳಗಿನ ಗರ್ಭಗುಡಿಗೆ ಮಾತ್ರ ಹೋಗುವುದಿಲ್ಲ ಅಂದರು. ಒಬ್ಬನೇ ದೇವರನ್ನು ನಂಬುವ ತಮ್ಮ ಧರ್ಮಕ್ಕೆ ಅದು ವಿರುದ್ಧ, ಉಳಿದಂತೆ ಎಲ್ಲರ ಧರ್ಮವನ್ನೂ ಗೌರವಿಸುತ್ತೇನೆ ಎಂಬುದು ಅವರ ವಾದ. ಮೇಲಿನವರು ಹಲವು ಸಲ ತಿಳಿಹೇಳಿದರು. ಒಬ್ಬ ಪಾಸ್ಟರ್ ಕೂಡ ಒಳಗೆ ಹೋದರೆ ಧರ್ಮಕ್ಕೆ ಚ್ಯುತಿ ಇಲ್ಲ ಅಂದರು. ಅವರು ಒಪ್ಪಲಿಲ್ಲ. 2021ರಲ್ಲಿ ಪಿಂಚಣಿ, ಗ್ರಾಚ್ಯುಟಿ ಇಲ್ಲದೆ ವಜಾ ಆದರು.

ಸಂವಿಧಾನದ 25ನೇ ವಿಧಿ ಎಲ್ಲರಿಗೂ ಧರ್ಮದ ಸ್ವಾತಂತ್ರ್ಯ ಕೊಡುತ್ತದೆ. ಆದರೆ 33ನೇ ವಿಧಿ ಇನ್ನೊಂದು ಮಾತು ಹೇಳುತ್ತದೆ: ಸೈನಿಕರು ಕರ್ತವ್ಯ ಸರಿಯಾಗಿ ಮಾಡಲಿ, ಶಿಸ್ತು ಉಳಿಯಲಿ ಎಂಬ ಕಾರಣಕ್ಕೆ ಅವರ ಮೂಲಭೂತ ಹಕ್ಕುಗಳನ್ನು ಸಂಸತ್ತು ಕಡಿಮೆ ಮಾಡಬಹುದು. 2025ರ ಮೇ 30ರಂದು ದೆಹಲಿ ಹೈಕೋರ್ಟ್, ಇದು ಧರ್ಮದ ಸ್ವಾತಂತ್ರ್ಯದ ಪ್ರಶ್ನೆಗಿಂತ ಕಾನೂನುಬದ್ಧ ಆದೇಶ ಪಾಲಿಸುವ ಪ್ರಶ್ನೆ ಎಂದಿತು. ಸುಪ್ರೀಂ ಕೋರ್ಟ್ ಆ ತೀರ್ಪನ್ನು ಮುಟ್ಟಲಿಲ್ಲ. ಸೈನಿಕರು ಯಾರ ಹಿಂದೆ ಗುಂಡಿಗೆ ಎದೆಯೊಡ್ಡಿ ಹೋಗಬೇಕೋ ಆ ನಾಯಕ ಅವರಿಂದ ದೂರ ನಿಲ್ಲಬಾರದು ಎಂಬುದು ಸೇನೆಯ ವಾದದ ತಿರುಳು. ಒಬ್ಬನ ಆತ್ಮಸಾಕ್ಷಿಯನ್ನು ಅಷ್ಟು ಸುಲಭವಾಗಿ ಬದಿಗಿಡಬಹುದಾ ಅನ್ನುವವರೂ ಇದ್ದಾರೆ, ಆ ಚರ್ಚೆ ಮುಗಿದಿಲ್ಲ.

ನಾಗರಿಕರಿಗೆ ಅಳತೆ ಬೇರೆ ಅನ್ನುವುದಕ್ಕೆ 1986ರ ತೀರ್ಪು ಸಾಕ್ಷಿ. ಕೇರಳದ ಮೂವರು ಶಾಲಾ ಮಕ್ಕಳು ಧರ್ಮದ ಕಾರಣಕ್ಕೆ ರಾಷ್ಟ್ರಗೀತೆ ಹಾಡಲಿಲ್ಲ, ಗೌರವದಿಂದ ನಿಂತಿದ್ದರು ಅಷ್ಟೇ. ಶಾಲೆ ಹೊರಗೆ ಹಾಕಿತು, ಸುಪ್ರೀಂ ಕೋರ್ಟ್ ವಾಪಸ್ ಸೇರಿಸಿತು. ಅದೇ ಕೋರ್ಟ್ 2016ರಲ್ಲಿ ಗಡ್ಡ ತೆಗೆಯಲು ಒಪ್ಪದ ವಾಯುಪಡೆಯ ಮುಸ್ಲಿಂ ಸಿಬ್ಬಂದಿಯೊಬ್ಬರನ್ನು ಸೇವೆಯಿಂದ ಬಿಡಿಸಿದ್ದನ್ನು ಎತ್ತಿಹಿಡಿಯಿತು. ಕೂದಲು ಕತ್ತರಿಸುವುದೇ ಧರ್ಮದಲ್ಲಿ ನಿಷಿದ್ಧ ಇರುವವರಿಗೆ, ಅಂದರೆ ಸಿಖ್ಖರಂಥವರಿಗೆ, ನಿಯಮದಲ್ಲೇ ವಿನಾಯಿತಿ ಇದೆ.

ಶತ್ರುವಿನ ಜೊತೆಗೂ ಶಿಸ್ತು ಬೇಕಾ?

1949ರ ಆಗಸ್ಟ್ 12ರ ಜಿನೀವಾ ಒಪ್ಪಂದಗಳು ಅಂತ ನಾಲ್ಕಿವೆ. ಗಾಯಗೊಂಡವರು, ಶರಣಾದವರು, ಸೆರೆಸಿಕ್ಕವರು, ಯುದ್ಧದಲ್ಲಿ ಸಿಕ್ಕಿಬಿದ್ದ ಜನಸಾಮಾನ್ಯರನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವುದು ಅದರಲ್ಲಿದೆ. ಭಾರತ 1960ರಲ್ಲಿ ಅದಕ್ಕೆ ಕಾನೂನನ್ನೇ ಮಾಡಿದೆ. ಸೆರೆಸಿಕ್ಕ ಸೈನಿಕ ಹೇಳಲೇಬೇಕಾದದ್ದು ಹೆಸರು, ದರ್ಜೆ, ಹುಟ್ಟಿದ ದಿನ, ಸೇವಾ ಸಂಖ್ಯೆ ಇಷ್ಟೇ. 2019ರ ಫೆಬ್ರವರಿಯಲ್ಲಿ ಸೆರೆಸಿಕ್ಕ ನಮ್ಮ ವಾಯುಪಡೆಯ ಪೈಲಟ್ ಅಭಿನಂದನ್ ಪಾಕಿಸ್ತಾನದಲ್ಲಿ ಟೀ ಕುಡಿಯುತ್ತಾ ಕೆಲವು ಪ್ರಶ್ನೆಗೆ ಉತ್ತರಿಸಲ್ಲ ಅಂದಿದ್ದು ಈ ನಿಯಮದ ಪ್ರಕಾರವೇ.

ಕಾರ್ಗಿಲ್‌ನಲ್ಲಿ ನಡೆದದ್ದು ಇನ್ನೂ ದೊಡ್ಡದು. 1999ರ ಆ ಯುದ್ಧದಲ್ಲಿ ನಮ್ಮ 527 ಸೈನಿಕರು ಸತ್ತರು. ಪಾಕಿಸ್ತಾನ ತನ್ನ ಎಷ್ಟೋ ಸೈನಿಕರ ಶವಗಳನ್ನು ತನ್ನದೆಂದು ಒಪ್ಪಲೇ ಇಲ್ಲ. ನಮ್ಮವರು ಮೌಲವಿಯನ್ನು ಕರೆಸಿ, ಇಸ್ಲಾಂ ಪದ್ಧತಿಯಂತೆ, ಸೇನಾ ಗೌರವದೊಂದಿಗೆ ಅವರನ್ನು ಮಣ್ಣು ಮಾಡಿದರು. ಟೈಗರ್ ಹಿಲ್‌ನಲ್ಲಿ ಕೊನೆವರೆಗೂ ಕಾದಾಡಿ ಸತ್ತ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಕರ್ನಲ್ ಅನ್ನುವುದು ಹೆಸರಿನ ಭಾಗ, ದರ್ಜೆ ಅಲ್ಲ) ಶವವನ್ನು ಕಳಿಸುವಾಗ ಭಾರತದ ಬ್ರಿಗೇಡಿಯರ್ ಬಾಜ್ವಾ ಅವನ ಜೇಬಿನಲ್ಲಿ ಒಂದು ಚೀಟಿ ಇಟ್ಟರು, ಇವನು ವೀರಾವೇಶದಿಂದ ಹೋರಾಡಿದ ಎಂದು ಬರೆದು. ಪಾಕಿಸ್ತಾನ ಅವನಿಗೆ ತನ್ನ ಅತಿ ದೊಡ್ಡ ಶೌರ್ಯ ಪ್ರಶಸ್ತಿ ನಿಶಾನ್-ಎ-ಹೈದರ್ ಕೊಟ್ಟಿತು. ನಿನ್ನ ಜೊತೆಯವರನ್ನು ಕೊಂದವನ ಬಗ್ಗೆ ಹಾಗೆ ಬರೆಯಲು ಮನಸ್ಸಿನ ಮೇಲೆ ಎಷ್ಟು ಹಿಡಿತ ಬೇಕು, ಯೋಚಿಸಿ.

ಅಗ್ನಿವೀರರಿಗೂ ಇದೆಲ್ಲ ಅನ್ವಯಿಸುತ್ತಾ?

ಮೈದಾನದಲ್ಲಿ ಓಡುವ ಹುಡುಗರು ಕೇಳುವ ಪ್ರಶ್ನೆ ಇದು. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇವೆ 4 ವರ್ಷ, ಆಮೇಲೆ ಗರಿಷ್ಠ 25 ಶೇಕಡಾ ಜನರನ್ನು ಉಳಿಸಿಕೊಳ್ಳುತ್ತಾರೆ. ಅವಧಿ ಕಡಿಮೆ ಅಂತ ನಿಯಮ ಕಡಿಮೆ ಇಲ್ಲ. ಸೇನೆ ಸೇರಿದ ಅಗ್ನಿವೀರನಿಗೂ ಅದೇ 1950ರ ಕಾಯಿದೆ, ಅದೇ 39, ಅದೇ 41. ರಜೆಯಲ್ಲಿ ಇದ್ದಾಗ ಕರೆ ಬಂದರೆ ಅವನೂ ಹೊರಡಬೇಕು.

ಮನೆಯವರಿಗೂ ಒಂದು ಕೆಲಸ ಇದೆ. ಹುಡುಗ ಯಾವ ರೈಲಿಗೆ ಹೊರಟ, ಯಾವ ಯೂನಿಟ್, ಎಲ್ಲಿಗೆ ಹೋಗುತ್ತಿದ್ದಾನೆ ಅನ್ನುವುದನ್ನು ಸ್ಟೇಟಸ್‌ಗೆ ಹಾಕಬೇಡಿ. ಹಾರ ಹಾಕಿ ಕಳಿಸಿ, ಫೋಟೋ ತೆಗೆದುಕೊಳ್ಳಿ, ಅವನು ವಾಪಸ್ ಬಂದ ಮೇಲೆ ಹಾಕಿ. ಎರಡು ವಾರ ಫೋನ್ ಬರದಿದ್ದರೆ ಯೂನಿಟ್ಟಿನ ನಂಬರಿಗೆ ದಿನಾ ಕರೆ ಮಾಡಿ ಗಾಬರಿ ಮಾಡಬೇಡಿ ಅಂತಲೂ ಹವಾಲ್ದಾರರು ಹೇಳಿದರು. ಅವರ ಮನೆಯವರು ಪಕ್ಕದಲ್ಲೇ ಕೂತಿದ್ದರು. ಹಾಗೆ ಹೇಳುವುದು ಸುಲಭ ಅಂದರು.